ರೋಜಾದ ಫಲ ಯಾರ ಲೆಕ್ಕಕ್ಕೆ?

ರಮ್ಜಾನ್ ಹತ್ತಿರವಾದಂತೆ ನಮ್ಮ ಊರುಗಳ ಅಂಗಡಿಗಳಲ್ಲಿ ಸಹರಿ-ಇಫ್ತಾರ್ ವೇಳಾಪಟ್ಟಿಯ ಕಾರ್ಡು ಹಂಚುತ್ತಾರೆ. ಒಂದು ಮಗ್ಗುಲಿಗೆ ಅಂಗಡಿಯ ಜಾಹೀರಾತು, ಇನ್ನೊಂದು ಮಗ್ಗುಲಿಗೆ ಎರಡು ಸಾಲು ಅಂಕಿ: ನಸುಕಿನಲ್ಲಿ ಊಟ ನಿಲ್ಲಿಸುವ ಹೊತ್ತು, ಸಂಜೆ ರೋಜಾ, ಅಂದರೆ ಉಪವಾಸ, ಬಿಡುವ ಹೊತ್ತು. ಚಾಂದ್ರಮಾನ ವರ್ಷ ಹತ್ತು-ಹನ್ನೊಂದು ದಿನ ಚಿಕ್ಕದಾದ್ದರಿಂದ ರಮ್ಜಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಕಾಳಿ ನದಿಯ ಈ ಸೀಮೆಯಲ್ಲಿ ಅದು ಚಳಿಗಾಲಕ್ಕೆ ಬಿದ್ದರೆ ರೋಜಾ ಸುಮಾರು ಹನ್ನೆರಡೂವರೆ ಗಂಟೆ, ಜೂನ್ ತಿಂಗಳಿಗೆ ಬಿದ್ದರೆ ಹದಿನಾಲ್ಕು ಗಂಟೆಗೂ ಮೇಲೆ.

ಇಷ್ಟು ಹೊತ್ತು ಹಸಿದಿದ್ದರೆ ಏನು ಫಲ ಎಂದು ಕೇಳಿದರೆ ಬಾಯಿಗೆ ಬರುವ ಮೊದಲ ಉತ್ತರ, ಉಳ್ಳವರಿಗೆ ಇಲ್ಲದವರ ಹಸಿವು ತಿಳಿಯುತ್ತದೆ ಎನ್ನುವುದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಈ ಉತ್ತರ ಅರ್ಧದಾರಿಗೇ ನಿಲ್ಲುತ್ತದೆ. ಇಲ್ಲಿ ರೋಜಾ ಹಿಡಿಯುವವರಲ್ಲಿ ಪೇಟೆಯ ವ್ಯಾಪಾರಿಗಳೂ ಇದ್ದಾರೆ, ಕಾರ್ಖಾನೆಯಲ್ಲಿ ಪಾಳಿ ಮಾಡುವವರೂ ಇದ್ದಾರೆ, ಹಳಿಯಾಳ ಕಡೆಯ ಮುಸ್ಲಿಂ ಸಿದ್ದಿಗಳಂತೆ ಗದ್ದೆ-ಕಾಡಿನ ಕೂಲಿ ನಂಬಿದವರೂ ಇದ್ದಾರೆ. ಹಸಿವೇನೆಂದು ಮೊದಲೇ ಬಲ್ಲವರಿಗೆ ಹಸಿವಿನಿಂದ ಹೊಸದಾಗಿ ಕಲಿಯುವುದೇನಿದೆ? ಉಪವಾಸದ ಫಲವನ್ನು ಕುರಿತ ಇಸ್ಲಾಮಿನ ಹದಿನಾಲ್ಕು ಶತಮಾನಗಳ ಚಿಂತನೆಯನ್ನು ಈ ಪ್ರಶ್ನೆ ಕೈಯಲ್ಲಿಟ್ಟುಕೊಂಡು ನೋಡಿದರೆ, ಬೇರೆಯದೇ ಉತ್ತರಗಳು ಅಲ್ಲಿ ಸಿಗುತ್ತವೆ.

ಮದೀನಾದ ಅಡಿಪಾಯ

ರಮ್ಜಾನ್ ಉಪವಾಸ ಕಡ್ಡಾಯವಾದದ್ದು ಹಿಜರಿ 2ರಲ್ಲಿ, ಅಂದರೆ ಕ್ರಿ.ಶ. 624ರಲ್ಲಿ, ಮದೀನಾದಲ್ಲಿ. ಅದಕ್ಕೆ ಮೊದಲು ಮುಸ್ಲಿಮರು ಮೊಹರಂ ಹತ್ತನೆಯ ದಿನದ ಆಶೂರಾ ಉಪವಾಸ ಮಾಡುತ್ತಿದ್ದರು. ಕುರ್‌ಆನಿನ ಎರಡನೆಯ ಅಧ್ಯಾಯದ 183ರಿಂದ 187ರವರೆಗಿನ ವಚನಗಳು ಈ ವಿಧಿಯ ಮೂಲ. ಹಿಂದಿನವರಿಗೂ ಉಪವಾಸ ವಿಧಿಸಲಾಗಿತ್ತು ಎಂದು ಅವು ನೆನಪಿಸುತ್ತವೆ. ಗುರಿಯನ್ನು ತಖ್ವಾ ಎಂದು, ಅಂದರೆ ದೇವರ ಎಚ್ಚರದಲ್ಲಿ ಬಾಳುವುದು ಎಂದು ಹೇಳುತ್ತವೆ. ಕಾಯಿಲೆಯವರು, ಪ್ರಯಾಣಿಕರು ಬೇರೆ ದಿನಗಳಲ್ಲಿ ಪೂರೈಸಬಹುದು. ಆಗದವರು ಬಡವರಿಗೆ ಉಣಬಡಿಸಬೇಕು. ಜನರನ್ನು ಕಷ್ಟಕ್ಕೆ ನೂಕುವ ಉದ್ದೇಶವಿಲ್ಲವೆಂಬ ಮಾತೂ ಅಲ್ಲೇ ಇದೆ.

ಓದುವವರು ಹೆಚ್ಚಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಬೆನ್ನಿಗೇ ಬರುವ 188ನೆಯ ವಚನದ ವಿಷಯ ಬೇರೆ: ಪರರ ಸೊತ್ತನ್ನು ಅನ್ಯಾಯವಾಗಿ ನುಂಗಬಾರದು, ನ್ಯಾಯ ಹೇಳುವವರ ಕೈಬಿಸಿ ಮಾಡಿ ದಕ್ಕಿಸಿಕೊಳ್ಳಲೂ ಬಾರದು. ಹಗಲಿನಲ್ಲಿ ಸ್ವಂತ ಅನ್ನವನ್ನೇ ಮುಟ್ಟದವನು ಪರರ ಅನ್ನಕ್ಕೆ ಕೈಹಾಕುವುದೆಂತು ಎಂಬ ತರ್ಕ ಈ ಜೋಡಣೆಯಲ್ಲಿದೆ.

ಪ್ರವಾದಿಯವರ ನಡೆನುಡಿಗಳನ್ನು ದಾಖಲಿಸಿದ ಹದೀಸುಗಳು ಇದನ್ನೇ ಬಿಡಿಸಿ ಹೇಳುತ್ತವೆ. ಸುಳ್ಳನ್ನೂ ಸುಳ್ಳಿನ ನಡೆಯನ್ನೂ ಬಿಡದವನು ಅನ್ನ-ನೀರು ಬಿಡಬೇಕೆಂಬ ಅಗತ್ಯ ದೇವರಿಗಿಲ್ಲ. ಯಾರಾದರೂ ಕಾಲು ಕೆದರಿ ಜಗಳಕ್ಕೆ ಬಂದರೆ, ತಾನು ಉಪವಾಸವಿರುವುದಾಗಿ ಹೇಳಿ ಸುಮ್ಮನಾಗಬೇಕು. ನಮ್ಮ ಕಡೆಯ ಸಂತೆಯಲ್ಲಿ ಚೌಕಾಸಿ ಬಿಸಿಯೇರಿದಾಗ ಕೇಳುವ "ಬಿಡಪಾ, ರೋಜಾ ಅದೀನಿ" ಎಂಬ ಮಾತಿನ ಬೇರು ಅಲ್ಲಿದೆ. ಇನ್ನೊಂದು ಹದೀಸು ದಿವಾಳಿಕೋರನ ಕುರಿತದ್ದು. ನಮಾಜು, ರೋಜಾ, ಜಕಾತುಗಳ ಗಂಟು ಹೊತ್ತು ಬಂದವನು ಬದುಕಿನಲ್ಲಿ ಒಬ್ಬರನ್ನು ಬೈದು, ಇನ್ನೊಬ್ಬರ ಹಣ ತಿಂದು, ಮತ್ತೊಬ್ಬರ ಮೇಲೆ ಕೈಮಾಡಿದ್ದರೆ ಆ ಪುಣ್ಯವೆಲ್ಲ ನೊಂದವರಿಗೆ ಹಂಚಿಹೋಗುತ್ತದೆ, ಅವನ ಗಂಟು ಬರಿದಾಗುತ್ತದೆ.

ಬಡವನ ಕಥೆಯೂ ಇದೆ. ರಮ್ಜಾನಿನಲ್ಲಿ ಉಪವಾಸ ಕೆಡಿಸಿಕೊಂಡ ಒಬ್ಬ ಪ್ರವಾದಿಯವರ ಬಳಿ ಓಡಿಬಂದ. ಪ್ರಾಯಶ್ಚಿತ್ತವಾಗಿ ಒಬ್ಬ ಗುಲಾಮನನ್ನು ಬಿಡಿಸಲು ಅವನಿಗೆ ಶಕ್ತಿಯಿಲ್ಲ, ಸತತ ಎರಡು ತಿಂಗಳು ಉಪವಾಸಕ್ಕೆ ತ್ರಾಣವಿಲ್ಲ, ಅರವತ್ತು ಬಡವರಿಗೆ ಉಣಿಸಲು ಗತಿಯಿಲ್ಲ. ಅಷ್ಟರಲ್ಲಿ ಯಾರೋ ಒಂದು ಬುಟ್ಟಿ ಖರ್ಜೂರ ತಂದುಕೊಟ್ಟರು. ಇದನ್ನು ದಾನ ಮಾಡು ಎಂದರೆ, ಈ ಊರಿನಲ್ಲಿ ನನ್ನ ಮನೆಯವರಿಗಿಂತ ಬಡವರು ಯಾರೂ ಇಲ್ಲವೆಂದ. ಪ್ರವಾದಿಯವರು ನಕ್ಕು, ಹಾಗಾದರೆ ಮನೆಯವರಿಗೇ ತಿನ್ನಿಸು ಎಂದರು. ಉಪವಾಸದ ಕಟ್ಟಳೆ ಬಡವನ ಮೇಲೆ ಬೀಳುವಾಗ ಎಷ್ಟು ಮೆತ್ತಗಾಗಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಮುಂದಿನ ಎರಡು-ಮೂರು ಶತಮಾನ ಧರ್ಮಶಾಸ್ತ್ರಜ್ಞರದು. ಉತ್ತರ ಕನ್ನಡದಲ್ಲಿ ಆ ಕಾಲದ ಎರಡು ಪಂಥಗಳು ಇಂದಿಗೂ ಅಕ್ಕಪಕ್ಕದಲ್ಲಿವೆ. ಕರಾವಳಿಯ ಭಟ್ಕಳದ ನವಾಯತರು ಶಾಫಿ, ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿ. ಶಾಫಿಗಳು ಪ್ರತಿ ರಾತ್ರಿ ಬೆಳಗಾಗುವ ಮೊದಲೇ ರೋಜಾದ ಸಂಕಲ್ಪ ಮಾಡಬೇಕು. ಹನಫಿಗಳಿಗೆ ರಮ್ಜಾನಿನಲ್ಲಿ ನಡುಹಗಲಿಗೆ ಮೊದಲು ಮಾಡಿದರೂ ನಡೆಯುತ್ತದೆ.

ನಮ್ಮ ಪ್ರಶ್ನೆಗೆ ಹತ್ತಿರದ ಭೇದ ಫಿತ್ರಾದಲ್ಲಿದೆ. ಈದ್ ನಮಾಜಿಗೆ ಮೊದಲು ಬಡವರಿಗೆ ತಲುಪಬೇಕಾದ ದಾನವಿದು. ಹನಫಿಗಳಲ್ಲಿ ನಿಗದಿತ ಆಸ್ತಿಯುಳ್ಳವರಿಗೆ ಮಾತ್ರ ಕಡ್ಡಾಯ, ಹಣದ ರೂಪದಲ್ಲೂ ಕೊಡಬಹುದು. ಶಾಫಿಗಳಲ್ಲಿ ಆ ದಿನದ ಮತ್ತು ರಾತ್ರಿಯ ಊಟ-ಖರ್ಚಿಗೆ ಮೀರಿ ಏನಾದರೂ ಇದ್ದರೆ ಬಡವನೂ ತಲೆಗೊಂದು ಅಳತೆ ಧಾನ್ಯ ಕೊಡಬೇಕು. ಮೊದಲನೆಯದು ಬಡವನ ಹೊರೆ ಇಳಿಸುತ್ತದೆ. ಎರಡನೆಯದು ಅವನನ್ನೂ ಕೊಡುವವರ ಸಾಲಿಗೆ ಸೇರಿಸುತ್ತದೆ. ಪಡೆಯುವುದೇ ರೂಢಿಯಾದ ಮನುಷ್ಯ ವರ್ಷಕ್ಕೊಮ್ಮೆಯಾದರೂ ಕೊಡುವವನಾಗುವುದನ್ನು ಸಣ್ಣ ಫಲವೆನ್ನಲಾಗದು.

ಹೊಟ್ಟೆಯಿಂದ ಮನಸ್ಸಿಗೆ

ಶಾಸ್ತ್ರ ಗಟ್ಟಿಯಾದ ಮೇಲೆ ಅದರ ಒಳಗನ್ನು ತೆರೆದವರು ಸೂಫಿಗಳು. ತೂಸಿನ ಅಲ್ ಗಝಾಲಿ (1058–1111) ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಉಪವಾಸಕ್ಕೆ ಮೂರು ಮೆಟ್ಟಿಲು ಹೇಳಿದರು. ಸಾಮಾನ್ಯರದು ಹೊಟ್ಟೆ ಮತ್ತು ಕಾಮದ ಉಪವಾಸ. ವಿಶೇಷರದು ಕಣ್ಣು, ಕಿವಿ, ನಾಲಗೆ, ಕೈಕಾಲುಗಳ ಉಪವಾಸ. ಅದಕ್ಕೂ ಮೇಲಿನದು ದೇವರನ್ನುಳಿದು ಬೇರೇನೂ ಹೊಗದ ಮನಸ್ಸಿನ ಉಪವಾಸ. ಹಗಲೆಲ್ಲ ಬಿಟ್ಟದ್ದನ್ನು ಸಂಜೆ ಒಟ್ಟಿಗೆ ತುಂಬಿಕೊಂಡರೆ ಆಸೆ ತಗ್ಗುವುದಿರಲಿ, ಇನ್ನಷ್ಟು ಕೆರಳುತ್ತದೆ ಎಂದೂ ಅವರು ಎಚ್ಚರಿಸಿದರು. ರಮ್ಜಾನಿನಲ್ಲಿ ಬೇರೆ ತಿಂಗಳಿಗಿಂತ ಹೆಚ್ಚು ಬಗೆಯ ತಿಂಡಿ ಮಾಡುವ ರೂಢಿಯನ್ನು ಒಂಬೈನೂರು ವರ್ಷಗಳ ಹಿಂದೆಯೇ ಅವರು ತರಾಟೆಗೆ ತೆಗೆದುಕೊಂಡಿದ್ದರು. ಇಫ್ತಾರ್ ಕೂಟಗಳ ಆಡಂಬರದ ಟೀಕೆ ಇಂದಿನದಲ್ಲ.

ಇಬ್ನ್ ಅರಬಿ (1165–1240) ಉಪವಾಸಕ್ಕೆ ಸಾಟಿಯಿಲ್ಲ ಎಂದದ್ದಕ್ಕೆ ಕಾರಣ ಅದು ಮಾಡುವ ಕ್ರಿಯೆಯಲ್ಲ, ಬಿಡುವ ಕ್ರಿಯೆ. ನಮಾಜು ಕಾಣುತ್ತದೆ, ದಾನ ಕಾಣುತ್ತದೆ, ಹಜ್ ಯಾತ್ರೆ ಊರಿಗೆಲ್ಲ ಗೊತ್ತಾಗುತ್ತದೆ. ರೋಜಾ ಕಾಣುವುದಿಲ್ಲ. ಜೋಯಿಡಾದ ಕಾಡಿನಲ್ಲಿ ಒಂಟಿಯಾಗಿ ದುಡಿಯುವವನ ಪಕ್ಕದಲ್ಲೇ ಹಳ್ಳ ಹರಿಯುತ್ತಿರುತ್ತದೆ. ಒಂದು ಬೊಗಸೆ ಕುಡಿದರೆ ಕೇಳುವವರಿಲ್ಲ. ಆದರೂ ಅವನು ಕುಡಿಯುವುದಿಲ್ಲ. ಸಾಕ್ಷಿ ಇಲ್ಲದ ಕಡೆ ನೆಟ್ಟಗಿರುವ ಅಭ್ಯಾಸ ಇದರಿಂದ ಬೆಳೆಯುತ್ತದೆ ಎಂಬುದು ಈ ಚಿಂತಕರ ಮುಖ್ಯ ವಾದ. ಈ ಫಲಕ್ಕೆ ಬಡವ-ಬಲ್ಲಿದ ಭೇದವಿಲ್ಲ.

ಹಸಿದವನಿಗೆ ಹಸಿದವರ ನೆನಪಾಗುತ್ತದೆ ಎಂಬ ಜನಪ್ರಿಯ ವಾದಕ್ಕೆ ಜಾಗ ಕೊಟ್ಟವರಲ್ಲಿ 1262ರಲ್ಲಿ ತೀರಿಕೊಂಡ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಂ ಒಬ್ಬರು. ಉಪವಾಸದ ಉದ್ದೇಶಗಳನ್ನು ಕುರಿತ ಅವರ ಕಿರುಹೊತ್ತಗೆಯಲ್ಲಿ ಇದು ಹಲವು ಫಲಗಳಲ್ಲಿ ಒಂದು ಮಾತ್ರ. ಪಾಪ ಕಳೆಯುವುದು, ಆಸೆ ಮುರಿಯುವುದು, ಸಿಕ್ಕಿದ್ದರ ಬೆಲೆ ತಿಳಿಯುವುದು ಇತ್ಯಾದಿ ಅದರ ಜೊತೆಗಿವೆ. ನಾವು ಉಳಿದದ್ದನ್ನು ಮರೆತು ಒಂದನ್ನೇ ಹಿಡಿದುಕೊಂಡಿದ್ದೇವೆ.

ದಖನ್ನಿನ ದಾರಿ

ಈ ಒಳನೋಟಗಳು ನಮ್ಮ ನೆಲಕ್ಕೆ ಬಂದದ್ದು ಸೂಫಿ ಮಠಗಳಾದ ಖಾನಕಾಹುಗಳ ಮೂಲಕ. ಕಲಬುರಗಿಯ ಖ್ವಾಜಾ ಬಂದೇನವಾಜ್ ಗೇಸೂದರಾಜ್ (1321–1422) ಚಿಶ್ತಿ ಪರಂಪರೆಯವರು. ಕಡಿಮೆ ಊಟ, ಕಡಿಮೆ ಮಾತು, ಕಡಿಮೆ ನಿದ್ದೆ ಸೂಫಿ ಶಿಸ್ತಿನ ಮೂರು ಕಟ್ಟು. ಬಿಜಾಪುರದ ಸೂಫಿಗಳ ಕಾಲಕ್ಕೆ ಉಪದೇಶ ದಖನಿ ನುಡಿಗಿಳಿಯಿತು. ಬೀಸುವ ಕಲ್ಲಿನ ಚಕ್ಕಿನಾಮಾ, ರಾಟೆಯ ಚರ್ಖಾನಾಮಾಗಳ ಮೂಲಕ ಅದು ಹೆಂಗಸರ ದುಡಿಮೆಯ ಹಾಡಾಯಿತೆಂದು ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ವಿವರಿಸಿದ್ದಾರೆ. ಕೈ ಕೆಲಸದಲ್ಲಿ, ಮನ ದೇವರಲ್ಲಿ ಎಂಬ ಈ ನಿಲುವು ರಮ್ಜಾನಿಗೆ ಬಹಳ ಬೇಕಾದದ್ದು. ಸಹರಿಗೆ ಎಲ್ಲರಿಗಿಂತ ಮೊದಲು ಎದ್ದು, ಇಫ್ತಾರಿಗೆ ಎಲ್ಲರಿಗಿಂತ ಕೊನೆಗೆ ಕೂರುವ ಹೆಂಗಸರ ರೋಜಾ ಒಲೆಯ ಮುಂದೆಯೇ ಕಳೆಯುತ್ತದೆ.

ಮುಂಡಗೋಡಕ್ಕೆ ಹತ್ತಿರದ ಶಿಗ್ಗಾಂವಿ ಸೀಮೆಯ ಶಿಶುನಾಳ ಶರೀಫರು (1819–1889) ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರು. ಹೊರಗಿನ ಆಚಾರಕ್ಕೆ ಒಳಗಿನ ಅರಿವು ಜೊತೆಯಾಗದಿದ್ದರೆ ಅದನ್ನು ಒಪ್ಪದ ಅವರ ತತ್ವಪದಗಳು ಗಝಾಲಿಯ ಎಚ್ಚರಿಕೆಯ ಕನ್ನಡ ನೆಂಟರಂತಿವೆ. ಇಂಥ ಕೂಡುದಾರಿಗಳನ್ನು ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ದಾಖಲಿಸಿದೆ.

ಅಚ್ಚಿನ ಕಾಲ

ಆಧುನಿಕ ಕಾಲದ ಬಾಗಿಲಲ್ಲಿ ದೆಹಲಿಯ ಶಾಹ್ ವಲಿಯುಲ್ಲಾ (1703–1762) ನಿಲ್ಲುತ್ತಾರೆ. ಅವರ ದೃಷ್ಟಿಯಲ್ಲಿ ಉಪವಾಸ ಮನಸ್ಸಿನ ವಿಷಕ್ಕೆ ಮದ್ದು. ಮದ್ದಾದ್ದರಿಂದ ಅಳತೆ ಮೀರಬಾರದು. ಊರಿಗೆ ಊರೇ ಒಂದೇ ತಿಂಗಳು ಹಿಡಿದರೆ ಒಬ್ಬೊಬ್ಬರಿಗೂ ಅದು ಹಗುರವಾಗುತ್ತದೆ ಎಂಬುದನ್ನೂ ಅವರು ಗುರುತಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಮೌಲಾನಾ ಜಕರಿಯ್ಯಾ ಕಾಂಧಲವಿಯವರ 'ಫಜಾಯಿಲೆ ರಮ್ಜಾನ್' ಮಸೀದಿಗಳಲ್ಲಿ ಗಟ್ಟಿಯಾಗಿ ಓದಿ ಕೇಳಿಸುವ ಪುಸ್ತಕವಾಯಿತು. ಅದರ ಒತ್ತು ಪರಲೋಕದ ಪುಣ್ಯದ ಮೇಲೆ. ಔರಂಗಾಬಾದಿನಲ್ಲಿ ಹುಟ್ಟಿದ ಮೌದೂದಿ (1903–1979) ಉಪವಾಸವನ್ನು ಸಮಾಜ ಕಟ್ಟುವ ತರಬೇತಿಯಾಗಿ ಕಂಡರು. ಅಬುಲ್ ಹಸನ್ ಅಲಿ ನದ್ವಿ (1914–1999) ಇಸ್ಲಾಮಿನ ನಾಲ್ಕು ಸ್ತಂಭಗಳ ಕುರಿತ ಗ್ರಂಥದಲ್ಲಿ ಗಝಾಲಿ ಮತ್ತು ವಲಿಯುಲ್ಲಾರ ವಿಚಾರಗಳನ್ನು ಹೊಸ ಓದುಗರಿಗೆ ತಲುಪಿಸಿದರು. ಕನ್ನಡದಲ್ಲಿ ಈ ಚರ್ಚೆಗೆ ನೆಲೆ ಕೊಟ್ಟದ್ದು ಮಂಗಳೂರು: 1978ರಲ್ಲಿ ಆರಂಭವಾದ 'ಸನ್ಮಾರ್ಗ' ವಾರಪತ್ರಿಕೆ, ಅನಂತರ ಶಾಂತಿ ಪ್ರಕಾಶನ. ಅಲ್ಲಿಯವರೆಗೆ ಉರ್ದು ಬಲ್ಲವರಿಗಷ್ಟೇ ದಕ್ಕುತ್ತಿದ್ದ ವಿಚಾರಗಳು ಶಾಲೆಯಲ್ಲಿ ಕನ್ನಡ ಕಲಿತ ತಲೆಮಾರಿಗೂ, ನೆರೆಮನೆಯ ಓದುಗರಿಗೂ ಸಿಗತೊಡಗಿದವು.

ಅಳೆಯುವ ಕಾಲ

ಕೊನೆಯ ಘಟ್ಟ ಪ್ರಯೋಗಾಲಯದ್ದು. 1994ರಲ್ಲಿ ಕಾಸಾಬ್ಲಾಂಕಾದಲ್ಲಿ ರಮ್ಜಾನ್ ಮತ್ತು ಆರೋಗ್ಯದ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2004ರಲ್ಲಿ ಪ್ರಕಟವಾದ ಎಪಿಡಿಯಾರ್ ಅಧ್ಯಯನ 13 ದೇಶಗಳ 12 ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರನ್ನು ಗಮನಿಸಿ, ರಮ್ಜಾನಿನಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಕರಣಗಳು ಹಲವು ಪಟ್ಟು ಏರುವುದನ್ನು ತೋರಿಸಿತು. ಗರ್ಭಿಣಿಯರ ಉಪವಾಸಕ್ಕೂ ಶಿಶುವಿನ ತೂಕ ತಗ್ಗುವುದಕ್ಕೂ ನಂಟಿರುವುದನ್ನು 2011ರ ಒಂದು ಸಂಶೋಧನೆ ಗುರುತಿಸಿತು. ಕಾಯಿಲೆಯವರಿಗೆ, ಬಸುರಿ-ಬಾಣಂತಿಯರಿಗೆ ಧರ್ಮವೇ ಕೊಟ್ಟ ವಿನಾಯಿತಿಯನ್ನು ಛಲಕ್ಕೆ ಬಿದ್ದು ಬಿಡಬಾರದೆಂಬುದಕ್ಕೆ ಇವು ಆಧಾರ. ಯೋಶಿನೋರಿ ಓಸುಮಿಯವರ 2016ರ ನೊಬೆಲ್ ರೋಜಾದ ಮಹಿಮೆಗೆ ಸಂದ ಪ್ರಶಸ್ತಿ ಎಂಬ ವಾಟ್ಸಾಪ್ ಮಾತು ಮಾತ್ರ ನಿಜವಲ್ಲ. ಅವರು ಯೀಸ್ಟ್ ಜೀವಕೋಶ ತನ್ನ ಭಾಗಗಳನ್ನೇ ಮರುಬಳಸುವ ಬಗೆಯನ್ನು ಶೋಧಿಸಿದವರು.

ನೀತಿಯ ಫಲವನ್ನು ಅಳೆಯುವ ಯತ್ನಗಳು ಹೆಚ್ಚು ಕುತೂಹಲದವು. ಅರ್ಥಶಾಸ್ತ್ರಜ್ಞರಾದ ಕಾಂಪಾಂಟೆ ಮತ್ತು ಯನಗಿಜಾವಾ-ದ್ರೋತ್ 2015ರಲ್ಲಿ, ಉಪವಾಸದ ಹಗಲು ದೀರ್ಘವಾದಷ್ಟೂ ಮುಸ್ಲಿಂ ದೇಶಗಳಲ್ಲಿ ಆರ್ಥಿಕ ಬೆಳವಣಿಗೆ ತಗ್ಗುತ್ತದೆ, ಆದರೆ ಜನ ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗುತ್ತಾರೆ ಎಂದು ತೋರಿಸಿದರು. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕರಾದ ಮೆಹಮೂದ್, ಸೆರೋರ್ ಮತ್ತು ಚೆನ್ ಭಾರತ-ಪಾಕಿಸ್ತಾನಗಳ ಸುಮಾರು 10 ಸಾವಿರ ನ್ಯಾಯಾಧೀಶರ ಐದು ಲಕ್ಷದಷ್ಟು ಕ್ರಿಮಿನಲ್ ಪ್ರಕರಣಗಳನ್ನು ಪರಿಶೀಲಿಸಿದರು. ಹಸಿದ ನ್ಯಾಯಾಧೀಶ ಕಠಿಣನಾಗುತ್ತಾನೆಂಬುದು ಇಸ್ರೇಲಿನ 2011ರ ಪ್ರಸಿದ್ಧ ಅಧ್ಯಯನದಿಂದ ಹರಡಿದ ನಂಬಿಕೆ. ಇಲ್ಲಿ ಕಂಡದ್ದು ಅದರ ತಿರುಗುಮುರುಗು: ರೋಜಾದ ಹೊತ್ತು ಹೆಚ್ಚಿದಷ್ಟೂ ಮುಸ್ಲಿಂ ನ್ಯಾಯಾಧೀಶರು ಆರೋಪಿಗಳನ್ನು ಬಿಡುಗಡೆ ಮಾಡುವುದು ಹೆಚ್ಚಿತ್ತು. ಹಾಗೆಂದು ಅಪರಾಧ ಮರುಕಳಿಸಲಿಲ್ಲ, ಮೇಲಿನ ಕೋರ್ಟುಗಳಲ್ಲಿ ತೀರ್ಪು ಬಿದ್ದುಹೋಗುವುದೂ ಕಡಿಮೆಯೇ ಇತ್ತು, ಅನ್ಯ ಸಮುದಾಯದವರ ವಿಷಯದಲ್ಲಿ ಪಕ್ಷಪಾತವೂ ಹೆಚ್ಚಲಿಲ್ಲ. ಎರಡೂ ಹಸಿವೇ. ಆದರೆ ಒಂದು ಊಟ ತಡವಾದದ್ದರಿಂದ ಬಂದದ್ದು, ಇನ್ನೊಂದು ಸಂಕಲ್ಪದಿಂದ ಒಪ್ಪಿಕೊಂಡದ್ದು.

ಈ ನಾಲ್ಕು ತಾಲ್ಲೂಕುಗಳಲ್ಲಿ

ಈ ಭೇದ ನಮ್ಮ ಪ್ರಶ್ನೆಗೆ ನೇರ ಉತ್ತರ. ಕೂಲಿಯಿಲ್ಲದ ದಿನದ ಹಸಿವು ಮನುಷ್ಯನನ್ನು ಕುಗ್ಗಿಸುತ್ತದೆ. ಅದರಲ್ಲಿ ಅವನ ಮಾತು ನಡೆಯುವುದಿಲ್ಲ. ರೋಜಾದ ಹಸಿವಿಗೆ ಆರಂಭವಿದೆ, ಕೊನೆಯಿದೆ, ಜೊತೆಗಾರರಿದ್ದಾರೆ, ಬೇಡವೆನ್ನುವ ಅಧಿಕಾರ ಅವನದೇ. ಪೇಟೆಯ ಸಾಹುಕಾರನೂ ಗದ್ದೆಯ ಕೂಲಿಯೂ ಒಂದೇ ಬಾಂಗಿಗೆ ಖರ್ಜೂರ ಕಚ್ಚುತ್ತಾರೆ.

ಈ ಸೀಮೆಯಲ್ಲಿ ಉಪವಾಸ ಒಬ್ಬರ ಸೊತ್ತೂ ಅಲ್ಲ. 2025ರ ಮಾರ್ಚ್ ಮೊದಲ ವಾರದಲ್ಲಿ ರಮ್ಜಾನ್ ಮತ್ತು ಕ್ರೈಸ್ತರ ನಲವತ್ತು ದಿನಗಳ ತಪಸ್ಸುಕಾಲ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. 10ರಂದು ಏಕಾದಶಿ ಬಂತು. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಪರಂಪರೆಯಲ್ಲಿ ಅನ್ನ, ನೀರು, ಮಾತು ಮೂರನ್ನೂ ಬಿಡುವ ನ್ಯುಂಗ್ನೆ ವ್ರತವಿದೆ. ಸಿದ್ದಿಗಳಲ್ಲಂತೂ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆದದ್ದು ಒಂದೇ ಸಮುದಾಯವಾಗಿ. ಹಿಂದಿನವರಿಗೂ ಉಪವಾಸವಿತ್ತು ಎಂಬ ಕುರ್‌ಆನಿನ ಮಾತನ್ನು ಇಲ್ಲಿ ಪುಸ್ತಕ ತೆರೆದು ವಿವರಿಸಬೇಕಿಲ್ಲ.

ದುಡಿಮೆಯ ಪ್ರಶ್ನೆ ಮಾತ್ರ ಉಳಿದೇ ಇದೆ. 1959ರಲ್ಲಿ ಉತ್ಪಾದನೆ ಶುರುಮಾಡಿದ ಕಾಗದ ಕಾರ್ಖಾನೆಯ ಸುತ್ತ ಬೆಳೆದ ದಾಂಡೇಲಿಯಂಥ ಊರಿನಲ್ಲಿ ರಾತ್ರಿ ಪಾಳಿಯವನಿಗೆ ರಮ್ಜಾನಿನ ರಾತ್ರಿ ನಮಾಜಾದ ತರಾವೀಹ್ ತಪ್ಪುತ್ತದೆ, ಹಗಲು ಪಾಳಿಯವನು ಯಂತ್ರದ ಮುಂದೆ ಬಾಯಾರಿ ನಿಲ್ಲುತ್ತಾನೆ. ಪಾಳಿ ಬದಲಿಸಿಕೊಳ್ಳುವ ಸಹೋದ್ಯೋಗಿ, ಭಾರದ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿಕೊಡುವ ಮೇಸ್ತ್ರಿ, ಈದ್‌ಗೆ ಮೊದಲೇ ಕೂಲಿ ಚುಕ್ತಾ ಮಾಡುವ ಧಣಿ ತಾವು ರೋಜಾ ಹಿಡಿಯದಿದ್ದರೂ ಅದರ ಫಲ ಹೆಚ್ಚಿಸುವವರು. ಹಬ್ಬಕ್ಕೆ ಸುರಕುಂಬಾ ಹಂಚುವ ಮನೆಯವರು ತಮ್ಮಲ್ಲಿ ದುಡಿದವರ ಬಾಕಿ ಉಳಿಸಿಕೊಂಡಿದ್ದರೆ, ಆ ದಿವಾಳಿಕೋರನ ಹದೀಸು ಅವರಿಗೆಂದೇ ಹೇಳಿದ್ದು.

ಧರ್ಮಶಾಸ್ತ್ರಜ್ಞರು ಉಪವಾಸದ ಹೊತ್ತನ್ನು ಅಳೆದರು, ಸೂಫಿಗಳು ಮನಸ್ಸನ್ನು, ಸುಧಾರಕರು ಸಮಾಜವನ್ನು, ವಿಜ್ಞಾನಿಗಳು ರಕ್ತವನ್ನೂ ತೀರ್ಪುಗಳನ್ನೂ ಅಳೆದರು. ಅಳತೆಗೋಲು ಬದಲಾದರೂ ಒಂದು ಮಾತು ಮೊದಲಿನಿಂದ ಬದಲಾಗಿಲ್ಲ: ರೋಜಾ ಕೂಡಿತೋ ಇಲ್ಲವೋ ಎಂಬುದು ಹಿಡಿದವನ ಹೊಟ್ಟೆಯಿಂದ ತಿಳಿಯುವುದಿಲ್ಲ. ಅವನೊಂದಿಗೆ ವ್ಯವಹರಿಸಿದವರು, ಅವನ ಕೈಕೆಳಗೆ ದುಡಿದವರು, ಅವನ ಅಡುಗೆಮನೆಯಲ್ಲಿ ಬೆವರಿದವರು ಹೇಳಬೇಕು. ಅವರನ್ನು ಕೇಳಲು ಸರಿಯಾದ ಕಾಲ ರಮ್ಜಾನ್ ಕಳೆದ ಮೇಲಿನ ಹನ್ನೊಂದು ತಿಂಗಳು.