ಫ್ರಾನ್ಸಿಸ್ ಪರ್ಕಿನ್ಸ್: ವಾಗ್ದಂಡನೆಯ ಬೆದರಿಕೆ ಎದುರಿಸಿದ ಮೊದಲ ಸಚಿವೆ

ಅಮೆರಿಕದ ಅಧ್ಯಕ್ಷರ ಸಂಪುಟದಲ್ಲಿ ಸ್ಥಾನ ಪಡೆದ ಪ್ರಥಮ ಮಹಿಳೆ ಫ್ರಾನ್ಸಿಸ್ ಪರ್ಕಿನ್ಸ್ (1880–1965). ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸಂಪುಟ ಸೇರಿ, 1933ರ ಮಾರ್ಚ್‌ನಿಂದ 1945ರ ಜೂನ್‌ವರೆಗೆ ಅವರು ಕಾರ್ಮಿಕ ಖಾತೆಯನ್ನು ನಿರ್ವಹಿಸಿದರು. 1935ರ ಸಾಮಾಜಿಕ ಭದ್ರತಾ ಕಾಯ್ದೆ ಹಾಗೂ ಕನಿಷ್ಠ ವೇತನವನ್ನು ನಿಗದಿಪಡಿಸಿದ 1938ರ ಕಾಯ್ದೆಯ ಹಿಂದೆ ಅವರ ಶ್ರಮವಿದೆ. ಇಷ್ಟಾದರೂ, ಒಬ್ಬ ವಲಸಿಗನನ್ನು ಗಡಿಪಾರು ಮಾಡಲು ಆತುರ ತೋರಲಿಲ್ಲವೆಂಬ ಕಾರಣಕ್ಕೆ ಅವರ ಪದವಿಗೇ ಸಂಚಕಾರ ಬಂದಿತ್ತು.

ಹಿನ್ನೆಲೆ

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಬೆಂಕಿ ಬಿದ್ದು 146 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವಲಸಿಗ ಕುಟುಂಬಗಳ ಯುವತಿಯರು. ಆ ದುರಂತವನ್ನು ಕಣ್ಣಾರೆ ಕಂಡ ಪರ್ಕಿನ್ಸ್, ಕಾರ್ಮಿಕರ ಸುರಕ್ಷತೆಯನ್ನೇ ತಮ್ಮ ಬಾಳಿನ ಕಾಯಕವಾಗಿಸಿಕೊಂಡರು.

ಅಂದು ವಲಸೆ ಇಲಾಖೆಯೂ ಕಾರ್ಮಿಕ ಸಚಿವರ ಅಧೀನದಲ್ಲಿತ್ತು. ವಲಸಿಗರ ಮೇಲೆ ದಾಳಿ ನಡೆಸುತ್ತಿದ್ದ ಇಲಾಖೆಯ ವಿಶೇಷ ತಂಡವನ್ನು ಪರ್ಕಿನ್ಸ್ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ವಿಸರ್ಜಿಸಿದರು. ನಾಜಿ ಜರ್ಮನಿಯಿಂದ ಬರುವ ನಿರಾಶ್ರಿತರಿಗೆ ಪ್ರವೇಶ ಸುಲಭವಾಗಬೇಕೆಂದು ವಾದಿಸಿದರು. ಇದರಿಂದ ವಿರೋಧಿಗಳು ಕೆರಳಿದರು. ಆಕೆ ತನ್ನ ನಿಜವಾದ ಹೆಸರನ್ನು ಮರೆಮಾಚಿದ ರಷ್ಯದ ಯಹೂದಿ ಎಂಬ ವದಂತಿಯೂ ಹಬ್ಬಿತು.

ಬ್ರಿಜಸ್ ಪ್ರಕರಣ

1934ರಲ್ಲಿ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರು ಹೂಡಿದ ಮುಷ್ಕರದ ನಾಯಕ ಹ್ಯಾರಿ ಬ್ರಿಜಸ್ ಆಸ್ಟ್ರೇಲಿಯಾ ಮೂಲದವರು. ಅವರು ಕಮ್ಯುನಿಸ್ಟರೆಂಬ ಆರೋಪದ ಮೇಲೆ ದೇಶದಿಂದ ಹೊರಹಾಕಬೇಕೆಂಬ ಒತ್ತಾಯ ಬಲವಾಯಿತು. ಆದರೆ ಹಿಂದೊಮ್ಮೆ ಪಕ್ಷದ ಸದಸ್ಯರಾಗಿದ್ದ ಮಾತ್ರಕ್ಕೆ ಗಡಿಪಾರು ಸಲ್ಲದೆಂದು ಸ್ಟ್ರೆಕರ್ ಎಂಬ ಇನ್ನೊಬ್ಬ ವಲಸಿಗರ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ 1938ರಲ್ಲಿ ತೀರ್ಪಿತ್ತಿತ್ತು. ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ಇತ್ಯರ್ಥಪಡಿಸುವವರೆಗೆ ಬ್ರಿಜಸ್ ವಿಚಾರಣೆಯನ್ನು ಪರ್ಕಿನ್ಸ್ ಮುಂದೂಡಿದರು.

ಇದನ್ನೇ ಕರ್ತವ್ಯಲೋಪವೆಂದು ಬಗೆದ ರಿಪಬ್ಲಿಕನ್ ಸದಸ್ಯ ಜೆ. ಪಾರ್ನೆಲ್ ಥಾಮಸ್, 1939ರ ಜನವರಿ 24ರಂದು ಪ್ರತಿನಿಧಿ ಸಭೆಯಲ್ಲಿ ವಾಗ್ದಂಡನೆ ನಿರ್ಣಯ ಮಂಡಿಸಿದರು. ಫೆಬ್ರುವರಿಯಲ್ಲಿ ನ್ಯಾಯಾಂಗ ಸಮಿತಿಯೆದುರು ಹಾಜರಾದ ಪರ್ಕಿನ್ಸ್, ತಮ್ಮ ಕ್ರಮ ಕಾನೂನಿಗೆ ಅನುಗುಣವಾಗಿದೆಯೆಂದು ಸಮರ್ಥಿಸಿಕೊಂಡರು. ವಾಗ್ದಂಡನೆಗೆ ಆಧಾರವಿಲ್ಲವೆಂದು ಸಮಿತಿ ಮಾರ್ಚ್‌ನಲ್ಲಿ ಒಮ್ಮತದಿಂದ ವರದಿ ನೀಡಿತು. ಆದರೂ ಸಮಿತಿಯ ರಿಪಬ್ಲಿಕನ್ ಸದಸ್ಯರು ಪ್ರತ್ಯೇಕ ಹೇಳಿಕೆಯಲ್ಲಿ ಅವರನ್ನು ಖಂಡಿಸಿದರು.

ಪರಿಣಾಮ

ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಟ್ರೆಕರ್ ತೀರ್ಪನ್ನು ಎತ್ತಿಹಿಡಿಯಿತು. ಬಳಿಕ ಬ್ರಿಜಸ್ ವಿಚಾರಣೆ ನಡೆಸಿದ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಜೇಮ್ಸ್ ಲ್ಯಾಂಡಿಸ್, ಆರೋಪ ಸಾಬೀತಾಗಿಲ್ಲವೆಂದರು. ಮುಂದೆ ಹೊಸ ಕಾನೂನಿನಡಿ ಹೊರಟ ಗಡಿಪಾರು ಆದೇಶವನ್ನೂ ಸರ್ವೋಚ್ಚ ನ್ಯಾಯಾಲಯ 1945ರಲ್ಲಿ ರದ್ದುಗೊಳಿಸಿತು. ಅದೇ ವರ್ಷ ಬ್ರಿಜಸ್ ಅಮೆರಿಕದ ಪ್ರಜೆಯಾದರು.

ಕಾನೂನಿನ ಕಣ್ಣಲ್ಲಿ ಪರ್ಕಿನ್ಸ್ ನಿರ್ದೋಷಿಯೆನಿಸಿದರು. ರಾಜಕೀಯವಾಗಿ ಮಾತ್ರ ಬೆಲೆ ತೆತ್ತರು. 1940ರ ಜೂನ್‌ನಲ್ಲಿ, ಯುದ್ಧಕಾಲದ ಭದ್ರತೆಯ ಹೆಸರಿನಲ್ಲಿ, ವಲಸೆ ಇಲಾಖೆ ಅವರ ಕೈತಪ್ಪಿ ನ್ಯಾಯಾಂಗ ಇಲಾಖೆಗೆ ಸೇರಿತು. ಅವರ ಮೇಲೆ ಆರೋಪ ಹೊರಿಸಿದ್ದ ಥಾಮಸ್, ಕಚೇರಿ ಸಿಬ್ಬಂದಿಯ ವೇತನದಲ್ಲಿ ಎಸಗಿದ ವಂಚನೆಗಾಗಿ 1949ರಲ್ಲಿ ಶಿಕ್ಷೆಗೊಳಗಾಗಿ ಸೆರೆಮನೆ ಸೇರಿದರು. ವಾಷಿಂಗ್ಟನ್ನಿನ ಕಾರ್ಮಿಕ ಇಲಾಖೆಯ ಕೇಂದ್ರ ಕಟ್ಟಡಕ್ಕೆ 1980ರಲ್ಲಿ ಪರ್ಕಿನ್ಸ್ ಹೆಸರಿಡಲಾಯಿತು. ಮೇನ್ ರಾಜ್ಯದಲ್ಲಿರುವ ಅವರ ಪೂರ್ವಿಕರ ಮನೆಯನ್ನು 2024ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.