ಮನೆಯ ಕಮೋಡ್ ಬದಲಿಸುತ್ತಿದ್ದೀರಾ? ಕೊಳ್ಳುವ ಮೊದಲು ಅಳೆಯಿರಿ, ಕೂರಿಸುವಾಗ ನಿಂತು ನೋಡಿ

ಕಮೋಡ್ ಬಿರುಕು ಬಿಟ್ಟಾಗ, ಅಥವಾ ಊರಿನಿಂದ ಬಂದ ಅಪ್ಪ ಅಮ್ಮನಿಗೆ ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗದಾಗ ನಾವು ನೇರವಾಗಿ ಅಂಗಡಿಗೆ ಹೋಗುತ್ತೇವೆ. ಅಲ್ಲಿ ನೋಡುವುದು ಬೆಲೆ, ಬಣ್ಣ, ಕಂಪನಿ. ಆದರೆ ಹೊಸ ಕಮೋಡ್ ತೊಂದರೆ ಕೊಡುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಜಾಗದಲ್ಲಿ: ಅದು ನೆಲದ ಅಥವಾ ಗೋಡೆಯ ಪೈಪಿಗೆ ಸೇರುವ ಕಡೆ. ಆ ಜೋಡಣೆ ಸರಿಯಿಲ್ಲದಿದ್ದರೆ ದುರ್ವಾಸನೆ ಬರುತ್ತದೆ, ಕೊಳಕು ನೀರು ಟೈಲ್ಸ್ ಅಡಿ ಸೇರುತ್ತದೆ, ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗುತ್ತದೆ. ಎತ್ತರ ಸರಿಯಿಲ್ಲದಿದ್ದರೆ ವಯಸ್ಸಾದವರು ಏಳುವಾಗ ಬೀಳುತ್ತಾರೆ.

ಆಯ್ಕೆಯಿಂದ ಹಿಡಿದು ಮೊದಲ ವಾರದ ಪರೀಕ್ಷೆಯವರೆಗೆ ಏನೇನು ನೋಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಬದಲಿಸಲೇಬೇಕೇ?

ಎಲ್ಲ ತೊಂದರೆಗೂ ಹೊಸ ಕಮೋಡ್ ಪರಿಹಾರವಲ್ಲ. ಮೊದಲು ಇವುಗಳನ್ನು ಪರೀಕ್ಷಿಸಿ.

• ನೀರು ಸದಾ ಸೋರುತ್ತಿದೆಯೇ? ಕೇಸರಿಬಾತಿಗೆ ಹಾಕುವ ಬಣ್ಣವನ್ನು ಸ್ವಲ್ಪ ಫ್ಲಶ್ ಟ್ಯಾಂಕಿಗೆ ಹಾಕಿ, 20 ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡ್‌ನೊಳಗೆ ಬಣ್ಣ ಕಂಡರೆ ಟ್ಯಾಂಕಿನ ಫ್ಲಶ್ ವಾಲ್ವ್ ಅಥವಾ ಅದರ ರಬ್ಬರ್ ವಾಷರ್ ಹಾಳಾಗಿದೆ. ಅದನ್ನಷ್ಟೇ ಬದಲಿಸಿದರೆ ಸಾಕು.

• ಕಮೋಡ್ ಅಲುಗಾಡುತ್ತಿದೆಯೇ? ಸ್ಕ್ರೂ ಸಡಿಲವಾಗಿರಬಹುದು. ಆದರೆ ಬಹಳ ದಿನದಿಂದ ಅಲುಗುತ್ತಿದ್ದರೆ ಕೆಳಗಿನ ಜೋಡಣೆಯೂ ಬಿಟ್ಟಿರುವ ಸಾಧ್ಯತೆ ಇದೆ. ಸ್ಕ್ರೂ ಬಿಗಿ ಮಾಡಿ ಸುಮ್ಮನಾಗಬೇಡಿ, ಕಮೋಡ್ ತೆಗೆಸಿ ಮತ್ತೆ ಕೂರಿಸಿ.

• ಬಿರುಕು ಬಿಟ್ಟಿದೆಯೇ? ಹಾಗಿದ್ದರೆ ಬದಲಿಸಲೇಬೇಕು. ಅಂಟು, ಬಿಳಿ ಸಿಮೆಂಟ್ ಹಚ್ಚಿ ಮುಂದುವರಿಸುವುದು ಅಪಾಯ. ಪಿಂಗಾಣಿ ಒಡೆದರೆ ಅದರ ಅಂಚು ಚಾಕುವಿನಷ್ಟು ಹರಿತವಾಗಿರುತ್ತದೆ, ಗಾಯ ಆಳವಾಗುತ್ತದೆ. ಇದೇ ಕಾರಣಕ್ಕೆ ವೆಸ್ಟರ್ನ್ ಕಮೋಡ್ ಮೇಲೆ ಕಾಲಿಟ್ಟು ಕುಕ್ಕರಗಾಲಲ್ಲಿ ಕೂರಬಾರದು. ಮನೆಗೆ ಬಂದ ನೆಂಟರಿಗೂ ಸಂಕೋಚಪಡದೆ ಹೇಳಿ.

ಬಳಸುವವರು ಯಾರು?

ಸಾಧಾರಣ ಕಮೋಡ್‌ಗಳ ಎತ್ತರ ನೆಲದಿಂದ ಸುಮಾರು 400 ಮಿ.ಮೀ. ಮಂಡಿನೋವು, ಸಂಧಿವಾತ ಇರುವವರಿಗೆ ಇಷ್ಟು ತಗ್ಗಿನಿಂದ ಏಳುವುದು ಕಷ್ಟ. ಅವರಿಗೆ 450 ಮಿ.ಮೀ. ಆಸುಪಾಸಿನ ಎತ್ತರದ ಮಾದರಿ ಒಳ್ಳೆಯದು. ಆದರೆ ಅತಿಯಾದ ಎತ್ತರವೂ ಬೇಡ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಮನೆಯಲ್ಲಿರುವ ಒಂದು ಕುರ್ಚಿಯ ಎತ್ತರ ಅಳೆದು, ಅಪ್ಪನೋ ಅಮ್ಮನೋ ಅದರಿಂದ ಸಲೀಸಾಗಿ ಏಳುತ್ತಾರೆಯೇ ನೋಡಿದರೆ ಬೇಕಾದ ಎತ್ತರ ತಿಳಿಯುತ್ತದೆ.

ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆದವರಿಗೆ ತಗ್ಗಿನ ಸೀಟು ಅಪಾಯಕಾರಿ. ಎಷ್ಟು ಎತ್ತರ ಬೇಕೆಂದು ಅವರ ವೈದ್ಯರನ್ನೇ ಕೇಳಿ.

ಮಲಬದ್ಧತೆ ಇರುವವರಿಗೆ ಇದು ತಿರುಗಾಮುರುಗಾ. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಮಲದ ದಾರಿ ನೇರವಾಗಿ, ಮುಕ್ಕುವುದು ಕಡಿಮೆಯಾಗುತ್ತದೆ. ಇಂಥವರು ಕಮೋಡ್ ಮುಂದೆ ಚಿಕ್ಕ ಕಾಲ್ಮಣೆ ಇಟ್ಟುಕೊಳ್ಳಬಹುದು. ಬ್ಯಾಲೆನ್ಸ್ ತಪ್ಪುವ ವೃದ್ಧರಿಗೆ ಕಾಲ್ಮಣೆ ಬೇಡ, ಅದನ್ನೇ ಎಡವಿ ಬೀಳಬಹುದು.

ವೃದ್ಧರಿದ್ದರೆ ಕಮೋಡ್ ಪಕ್ಕದ ಗೋಡೆಗೆ, ಸೀಟಿಗಿಂತ ಸುಮಾರು ಒಂದು ಗೇಣು ಮೇಲೆ, ಹಿಡಿಕೆ ಹಾಕಿಸಿ. ಟವೆಲ್ ರಾಡ್ ಹಿಡಿಕೆಯಲ್ಲ. ಮನುಷ್ಯರ ಭಾರ ಬಿದ್ದರೆ ಕಿತ್ತು ಬರುತ್ತದೆ. ಬಾಗಿಲಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ.

ಅಂಗಡಿಗೆ ಹೋಗುವ ಮೊದಲು ಅಳತೆ

ಇಲ್ಲಿ ಎರಡು ಶಬ್ದ ಗೊತ್ತಿರಲಿ: ಎಸ್-ಟ್ರ್ಯಾಪ್ ಮತ್ತು ಪಿ-ಟ್ರ್ಯಾಪ್. ನಿಮ್ಮ ಪ್ಲಂಬರ್ ಮರಾಠಿ, ತಮಿಳು, ತೆಲುಗು, ಹಿಂದಿ ಯಾವುದನ್ನೇ ಮಾತಾಡಲಿ, ಈ ಶಬ್ದಗಳು ಎಲ್ಲ ಊರಲ್ಲೂ ನಡೆಯುತ್ತವೆ.

ಎಸ್-ಟ್ರ್ಯಾಪ್: ಮಲದ ಪೈಪ್ ನೆಲದೊಳಗೆ ಇಳಿಯುತ್ತದೆ. ಹಿಂದಿನ ಗೋಡೆಯ ಟೈಲ್ಸ್‌ನಿಂದ ನೆಲದ ತೂತಿನ ನಡುಮಧ್ಯದವರೆಗಿನ ದೂರ ಅಳೆಯಿರಿ. ನಮ್ಮ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳು 4 ಇಂಚು, 9 ಇಂಚು ಮತ್ತು 12 ಇಂಚು.

ಪಿ-ಟ್ರ್ಯಾಪ್: ಪೈಪ್ ಹಿಂದಿನ ಗೋಡೆಯೊಳಗೆ ಹೋಗುತ್ತದೆ. ನೆಲದ ಟೈಲ್ಸ್‌ನಿಂದ ಗೋಡೆಯ ತೂತಿನ ನಡುಮಧ್ಯದವರೆಗಿನ ಎತ್ತರ ಅಳೆಯಿರಿ. ಬಹುಪಾಲು ಸುಮಾರು 180 ಮಿ.ಮೀ. ಇರುತ್ತದೆ.

ಅಳತೆ ಟೈಲ್ಸ್ ಮೇಲಿನಿಂದಲೇ ಇರಬೇಕು. ಹೊಸ ಟೈಲ್ಸ್ ಹಾಕಿಸುವುದಾದರೆ ಅದರ ಮತ್ತು ಗಾರೆಯ ದಪ್ಪವನ್ನು ಲೆಕ್ಕಕ್ಕೆ ಸೇರಿಸಿ. ಕಮೋಡ್ ಮುಂದೆ ಕಾಲಿಡಲು, ಬಾಗಿಲು ತೆರೆಯಲು ಜಾಗ ಉಳಿಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಅಳತೆಗಳನ್ನು ಚೀಟಿಯಲ್ಲಿ ಬರೆದು, ಜಾಗದ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ.

12 ಇಂಚಿನ ತೂತಿಗೆ 9 ಇಂಚಿನ ಕಮೋಡ್ ತಂದರೆ ಹಿಂದೆ ಸಂದಿ ಉಳಿಯುತ್ತದೆ. 9 ಇಂಚಿನದಕ್ಕೆ 12 ಇಂಚಿನದು ತಂದರೆ ಕೂರುವುದೇ ಇಲ್ಲ. ಆಗ ಕೆಲವರು ಮಡಚುವ ಪ್ಲಾಸ್ಟಿಕ್ ಪೈಪ್ ಹಾಕಿ ಹೊಂದಿಸುತ್ತಾರೆ. ಅದರ ಸುಕ್ಕುಗಳಲ್ಲಿ ಕೊಳಕು ನಿಂತು ಪದೇಪದೇ ಕಟ್ಟಿಕೊಳ್ಳುತ್ತದೆ. ಸರಿಯಾದ ಅಳತೆಯ ಕಮೋಡ್ ಸಿಗುವವರೆಗೆ ಕಾಯುವುದೇ ಲಾಭ.

ಅಂಗಡಿಯಲ್ಲಿ ಏನು ನೋಡಬೇಕು?

• ಪಿಂಗಾಣಿಯ ಮೇಲೆ ಐಎಸ್‌ಐ ಗುರುತು. ಕಮೋಡ್‌ನಂಥ ಪಿಂಗಾಣಿ ಸಾಮಾನಿಗೆ ಭಾರತೀಯ ಮಾನಕ ಐಎಸ್ 2556, ಪ್ಲಾಸ್ಟಿಕ್ ಫ್ಲಶ್ ಟ್ಯಾಂಕಿಗೆ ಐಎಸ್ 7231.

• ಅಡಿಭಾಗ ಸಮವಾಗಿರಬೇಕು. ಸಮತಟ್ಟಾದ ನೆಲದ ಮೇಲಿಟ್ಟು ಮೂಲೆಗಳನ್ನು ಒತ್ತಿ ನೋಡಿ, ಅಲುಗಬಾರದು. ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಸದ್ದು ಬರಬೇಕು. ಮಂಕಾದ ಸದ್ದು ಬಂದರೆ ಒಳಬಿರುಕು ಇರಬಹುದು.

• ಎರಡು ಗುಂಡಿಯ ಫ್ಲಶ್. ಮೂತ್ರಕ್ಕೆ 3 ಲೀಟರ್, ಮಲಕ್ಕೆ 6 ಲೀಟರ್ ಬಿಡುವ ಮಾದರಿಗಳು ಸಾಮಾನ್ಯ. ಟ್ಯಾಂಕರ್ ನೀರು ಕೊಳ್ಳುವ ಮನೆಗಳಿಗೆ ಇದರಿಂದ ದೊಡ್ಡ ಉಳಿತಾಯ.

• ಬಿಡಿಭಾಗ. ಚೆನ್ನೈ, ಹೈದರಾಬಾದಿನಂಥ ಕಡೆ ಬೋರ್‌ವೆಲ್ ಗಡಸು ನೀರಿನ ಸುಣ್ಣ ಕಟ್ಟಿ ವಾಲ್ವ್‌ಗಳು ಬೇಗ ಕೆಡುತ್ತವೆ. ಫ್ಲಶ್ ವಾಲ್ವ್, ಫಿಲ್ ವಾಲ್ವ್ ನಿಮ್ಮ ಬಡಾವಣೆಯಲ್ಲೇ ಸಿಗುವ ಮಾದರಿ ಕೊಳ್ಳಿ.

• ಗೋಡೆಗೆ ನೇತುಹಾಕುವ ಕಮೋಡ್ ಬೇಕೆಂದರೆ ಗೋಡೆಯ ಬಲ ಮೊದಲು ಪರೀಕ್ಷಿಸಿ. 4 ಇಂಚಿನ ಅಡ್ಡಗೋಡೆಗೆ ಉಕ್ಕಿನ ಫ್ರೇಮ್ ಇಲ್ಲದೆ ಅದನ್ನು ಹಾಕಬಾರದು. ಟ್ಯಾಂಕ್ ಗೋಡೆಯೊಳಗಿದ್ದರೆ ರಿಪೇರಿಗೆ ಕೈ ಹೋಗುವಂತೆ ಮುಚ್ಚಳವಿರಲಿ.

ಇಂಡಿಯನ್ ತೆಗೆದು ವೆಸ್ಟರ್ನ್ ಹಾಕುವಾಗ

ಹೆಚ್ಚು ತಪ್ಪು ನಡೆಯುವುದು ಇಲ್ಲಿ. ಇಂಡಿಯನ್ ಪ್ಯಾನ್‌ನ ಕೆಳಗೆ, ನೆಲದೊಳಗೆ, ಪ್ರತ್ಯೇಕ ಟ್ರ್ಯಾಪ್ ಹೂತಿರುತ್ತದೆ. ವೆಸ್ಟರ್ನ್ ಕಮೋಡ್‌ನ ಹೊಟ್ಟೆಯೊಳಗೇ ಟ್ರ್ಯಾಪ್ ಇರುತ್ತದೆ. ಹಳೆಯದನ್ನು ತೆಗೆಯದೆ ಮೇಲೆ ಹೊಸದನ್ನು ಕೂರಿಸಿದರೆ ಒಂದರ ಹಿಂದೆ ಒಂದು ಎರಡು ಟ್ರ್ಯಾಪ್ ಆಗುತ್ತದೆ. ನಡುವೆ ಗಾಳಿ ಸಿಕ್ಕಿಕೊಂಡು ಫ್ಲಶ್ ನಿಧಾನವಾಗುತ್ತದೆ, ಕೊಳಕು ಕಟ್ಟುತ್ತದೆ. "ತೆಗೆಯೋದು ಬೇಡ, ಹಾಗೇ ನಡೆಯುತ್ತೆ" ಎಂದು ಪ್ಲಂಬರ್ ಹೇಳಿದರೂ ಒಪ್ಪಬೇಡಿ.

ನೆಲ ಅಗೆಯುವುದರಿಂದ ಹೌಸಿಂಗ್ ಸೊಸೈಟಿ ಅಥವಾ ಅಸೋಸಿಯೇಷನ್‌ನ ಒಪ್ಪಿಗೆ ಪತ್ರ ಪಡೆಯಿರಿ, ಕೆಳಗಿನ ಮನೆಯವರಿಗೂ ತಿಳಿಸಿ. ಹೊಸ ಪೈಪ್ ಹಾಕಿದರೆ 40 ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ಇಳಿಜಾರು ಇರಲಿ. ವಾಟರ್‌ಪ್ರೂಫಿಂಗ್ ಮಾಡಿಸಿ, ಪೈಪಿನ ಬಾಯಿ ಮುಚ್ಚಿ, ನೆಲದ ಮೇಲೆ ಎರಡು ಇಂಚು ನೀರು ಕಟ್ಟಿ 24ರಿಂದ 48 ಗಂಟೆ ಬಿಡಿ. ಕೆಳಗಿನ ಮನೆಯ ಸೀಲಿಂಗ್ ಒಣಗಿಯೇ ಇದ್ದರೆ ಮಾತ್ರ ಟೈಲ್ಸ್ ಹಾಕಿಸಿ. ಮುಚ್ಚುವ ಮೊದಲು ಪೈಪ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಕೂರಿಸುವ ದಿನ

1. ನೀರು ನಿಲ್ಲಿಸಿ, ಟ್ಯಾಂಕ್ ಮತ್ತು ಕಮೋಡ್ ಖಾಲಿ ಮಾಡಿಸಿ. ಕೆಲಸದವರಿಗೆ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಸ್ವಚ್ಛ ಮಾಡಲು ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಟ್ಟಿಗೆ ಎಂದೂ ಬಳಸಬೇಡಿ. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

2. ಹಳೆಯ ಕಮೋಡ್ ತೆಗೆದ ತಕ್ಷಣ ಪೈಪಿನ ಬಾಯಿಗೆ ಬಟ್ಟೆ ತುರುಕಿಸಿ. ಚರಂಡಿ ಅನಿಲ ಮೇಲೆ ಬರುವುದಿಲ್ಲ, ಗಾರೆ ಚೂರು ಒಳಗೆ ಬೀಳುವುದಿಲ್ಲ. ಬಟ್ಟೆಗೆ ಹಗ್ಗ ಕಟ್ಟಿದ್ದರೆ ಮರೆಯದೆ ಹೊರತೆಗೆಯಬಹುದು.

3. ಪೈಪಿನ ಬಾಯಿ ಒಡೆದಿಲ್ಲ, ಟೈಲ್ಸ್‌ಗಿಂತ ತೀರಾ ಕೆಳಗಿಲ್ಲ ಎಂದು ನೋಡಿ. ಸಿಮೆಂಟ್ ಕೆರೆದು ಒಣಗಿಸಿ.

4. ಜೋಡಣೆಗೆ ರಬ್ಬರ್ ಪದರಗಳಿರುವ ಪ್ಯಾನ್ ಕನೆಕ್ಟರ್ ಹಾಕಿಸಿ. ಬರೀ ಸಿಮೆಂಟ್ ತುಂಬಿದರೆ ಕಮೋಡ್ ಸ್ವಲ್ಪ ಅಲುಗಿದರೂ ಅದು ಸೀಳುತ್ತದೆ. ಈ ಪೂರ್ತಿ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

5. ಕಮೋಡ್ ಇಟ್ಟು ರಸಮಟ್ಟ ಹಿಡಿದು ನೋಡಿಸಿ. ತುಕ್ಕು ಹಿಡಿಯದ ಸ್ಕ್ರೂಗಳನ್ನು ಎರಡೂ ಬದಿ ಸ್ವಲ್ಪಸ್ವಲ್ಪವಾಗಿ ಬಿಗಿಸಬೇಕು. ಒಂದೇ ಕಡೆ ಅತಿಯಾಗಿ ಬಿಗಿದರೆ ಪಿಂಗಾಣಿ ಸೀಳುತ್ತದೆ.

6. ಅಂಚಿಗೆ ಸಿಲಿಕೋನ್ ಹಚ್ಚಿಸಿ, ಹಿಂಬದಿಯಲ್ಲಿ ಒಂದೆರಡು ಇಂಚು ಬಿಡಿಸಿ. ಒಳಗೆ ಸೋರಿದರೆ ಅಲ್ಲಿಂದ ನೀರು ಹೊರಬಂದು ನಿಮಗೆ ತಿಳಿಯುತ್ತದೆ. ಸಿಲಿಕೋನ್ ಗಟ್ಟಿಯಾಗಲು 24 ಗಂಟೆ ಬಿಡಿ. ಆ ಒಂದು ದಿನ ಎಲ್ಲಿ ಹೋಗುವುದೆಂದು ಮೊದಲೇ ಯೋಚಿಸಿ.

ಕಮೋಡ್‌ನೊಳಗೆ ನಿಲ್ಲುವ ನೀರು ಏಕೆ ಮುಖ್ಯ?

ಫ್ಲಶ್ ಆದ ಮೇಲೂ ಕಮೋಡ್‌ನಲ್ಲಿ ನಿಲ್ಲುವ ನೀರು ಒಂದು ಮುಚ್ಚಳ. ಕನಿಷ್ಠ 50 ಮಿ.ಮೀ. ಆಳದ ಈ ನೀರು ಚರಂಡಿಯ ಅನಿಲ, ಜಿರಳೆ ಮತ್ತು ರೋಗಾಣುಗಳನ್ನು ಆಚೆಯೇ ತಡೆಯುತ್ತದೆ. ಬಚ್ಚಲಿನ ನೆಲದ ಜಾಲರಿಯ ಕೆಳಗೂ, ಅಂದರೆ ಮುಂಬೈ, ಪುಣೆಯ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಎನ್ನುವ ಜಾಗದಲ್ಲೂ, ಇಂಥದ್ದೇ ನೀರು ಇರುತ್ತದೆ.

ಈ ನೀರು ಒಣಗಿದರೆ ಏನಾಗಬಹುದು ಎಂಬುದಕ್ಕೆ 2003ರ ಸಾರ್ಸ್ ಕಾಯಿಲೆಯ ಕಾಲದ ಉದಾಹರಣೆ ಇದೆ. ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಬಚ್ಚಲಿನ ನೆಲದ ಟ್ರ್ಯಾಪ್‌ಗಳು ಒಣಗಿದ್ದು, ಎಗ್ಸಾಸ್ಟ್ ಫ್ಯಾನ್ ಹಾಕಿದಾಗ ಮಲದ ಪೈಪಿನಿಂದ ವೈರಾಣುವಿರುವ ಹನಿಗಳು ಮನೆಯೊಳಗೆ ಬಂದಿರಬಹುದು ಎಂದು ಅಲ್ಲಿನ ಆರೋಗ್ಯ ಇಲಾಖೆಯ ತನಿಖೆ ಹೇಳಿತು.

ಹಾಗಾಗಿ ರಜೆಗೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗ ಕಮೋಡ್ ಮತ್ತು ನೆಲದ ಟ್ರ್ಯಾಪ್‌ಗೆ ನೀರು ಹಾಕಿ, ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಿ. ನೀರು ಬೇಗ ಆರುವುದಿಲ್ಲ. ಬಂದ ಕೂಡಲೇ ಕಿಟಕಿ ತೆರೆದು ಒಂದು ಬಕೆಟ್ ನೀರು ಸುರಿಯಿರಿ.

ಮೊದಲ ವಾರದ ಪರೀಕ್ಷೆ

• ಹತ್ತು ಸಲ ಫ್ಲಶ್ ಮಾಡಿ, ಅಡಿಭಾಗ ಮತ್ತು ಟ್ಯಾಂಕ್ ಸುತ್ತ ಒಣ ಟಿಶ್ಯೂ ಪೇಪರ್ ಒತ್ತಿ ನೋಡಿ.
• ಎರಡು ಬದಿಗೂ ಭಾರ ಹಾಕಿ ಕೂತು ನೋಡಿ. ಕೂದಲೆಳೆಯಷ್ಟೂ ಅಲುಗಬಾರದು.
• ಮೇಲಿನ ಮನೆಯವರು ಫ್ಲಶ್ ಮಾಡಿದಾಗ ನಿಮ್ಮ ಕಮೋಡ್ ಗುಳುಗುಳು ಎನ್ನುತ್ತಿದೆಯೇ? ನೀರಿನ ಮಟ್ಟ ಇಳಿಯುತ್ತಿದೆಯೇ? ಹಾಗಿದ್ದರೆ ಕಟ್ಟಡದ ಗಾಳಿ ಪೈಪ್ ಕಟ್ಟಿರಬಹುದು. ಸೊಸೈಟಿಗೆ ಬರೆದು ಕೊಡಿ.
• ಕೆಳಗಿನ ಮನೆಯವರನ್ನು ಸೀಲಿಂಗ್ ನೋಡಲು ಕೇಳಿ.
• ಜೆಟ್ ಸ್ಪ್ರೇ ಕೊಕ್ಕೆಯಲ್ಲೇ ಇರಲಿ. ಅದು ಕಮೋಡ್ ನೀರಿನೊಳಗೆ ಬಿದ್ದು, ಅದೇ ಹೊತ್ತಿಗೆ ಪೈಪಿನಲ್ಲಿ ಒತ್ತಡ ಇಳಿದರೆ ಕೊಳಕು ನೀರು ಮನೆಯ ನೀರಿಗೆ ಸೇರಬಹುದು. ಬಳಸದಾಗ ಅದರ ನಲ್ಲಿ ಮುಚ್ಚಿಡಿ.

ಸಾಮಾನ್ಯ ಪ್ರಶ್ನೆಗಳು

ಬಾಡಿಗೆ ಮನೆ, ನೆಲ ಅಗೆಯಲು ಮಾಲೀಕರು ಒಪ್ಪುತ್ತಿಲ್ಲ. ಏನು ಮಾಡಲಿ?
ಇಂಡಿಯನ್ ಪ್ಯಾನ್ ಮೇಲೆ ಇಡುವ, ನಡುವೆ ತೂತಿರುವ ಕಮೋಡ್ ಕುರ್ಚಿ ಸಿಗುತ್ತದೆ. ಕಾಲುಗಳಿಗೆ ರಬ್ಬರ್ ಬುಡ ಇರಲಿ, ಕೈ ಇಡಲು ಎರಡೂ ಬದಿ ಆಸರೆ ಇರಲಿ. ಹಗುರ ಪ್ಲಾಸ್ಟಿಕ್ ಸ್ಟೂಲ್ ಜಾರುತ್ತದೆ.

ಹೊಸ ಕಮೋಡ್ ಹಾಕಿದ ಮೇಲೆ ಪೈಪ್ ಕಟ್ಟಿಕೊಂಡಿದೆ. ಚೇಂಬರ್‌ಗೆ ಯಾರನ್ನಾದರೂ ಇಳಿಸಬಹುದೇ?
ಬೇಡವೇ ಬೇಡ. ಅಲ್ಲಿನ ಅನಿಲ ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಚರಂಡಿ, ಸೆಪ್ಟಿಕ್ ಟ್ಯಾಂಕ್‌ಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ನಗರಪಾಲಿಕೆಯ ಯಂತ್ರ ಕರೆಸಿ.

ಕೆಲಸದ ಹಣ ಯಾವಾಗ ಕೊಡಬೇಕು?
ಮೊದಲೇ ಮಾತಾಡಿಕೊಂಡು ಒಂದು ಭಾಗವನ್ನು ಮೊದಲ ವಾರದ ಪರೀಕ್ಷೆ ಮುಗಿಯುವವರೆಗೆ ಉಳಿಸಿಕೊಳ್ಳಿ. ಬಿಲ್ ಮೇಲೆ ಮಾದರಿಯ ಹೆಸರು ಬರೆಸಿ. ನಾಳೆ ಒಂದು ವಾಷರ್ ಬೇಕಾದಾಗ ಅದೇ ಕೆಲಸಕ್ಕೆ ಬರುತ್ತದೆ.