ಹೊರರೋಗಿಯ ಚೀಟಿ

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಪ್ರತಿಜೀವಕಗಳು, ಅಂದರೆ ಆಡುಮಾತಿನ ಆಂಟಿಬಯೋಟಿಕ್‌ಗಳು, ಹೊರರೋಗಿಯ ಚೀಟಿಗೆ ಇಳಿದ ಬಗೆಯನ್ನು ಮೈಸೂರಿನಲ್ಲಿ ಅರಿಯಬೇಕಾದರೆ ಕೆ.ಆರ್.ಎಸ್. ರಸ್ತೆಯ ಕ್ಷಯರೋಗ ಆಸ್ಪತ್ರೆಯಿಂದಲೇ ಆರಂಭಿಸಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಆರಂಭವಾದ ಈ ಸ್ಯಾನಟೋರಿಯಂ ರೋಗಿಗಳನ್ನು ತಿಂಗಳುಗಟ್ಟಲೆ ಇರಿಸಿಕೊಂಡು ಆರೈಕೆ ಮಾಡುವ ಆರೋಗ್ಯಧಾಮವಾಗಿತ್ತು. ಕ್ಷಯದ ರೋಗಾಣುವನ್ನು ಕೊಲ್ಲುವ ಔಷಧ ಆಗ ಜಗತ್ತಿನಲ್ಲೆಲ್ಲೂ ಇರಲಿಲ್ಲವಾದ್ದರಿಂದ ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಯಾದ ಊಟಗಳೇ ಇಂಥ ಧಾಮಗಳ ಚಿಕಿತ್ಸೆಯಾಗಿದ್ದವು. ದಾಖಲಾಗದೆ ತೋರಿಸಿಕೊಂಡು ಮನೆಗೆ ಮರಳುವ ಹೊರರೋಗಿಗಳಿಗೆ ಆ ಕಾಲದ ಔಷಧಾಲಯಗಳಲ್ಲಿ ದೊರೆಯುತ್ತಿದ್ದುದು ಕಾಂಪೌಂಡರ್ ಬೆರೆಸಿ ಕೊಡುತ್ತಿದ್ದ ಮಿಕ್ಸ್‌ಚರ್. ರೋಗಿಯೇ ಮನೆಯಿಂದ ತಂದ ಸೀಸೆಗೆ ಅದನ್ನು ತುಂಬಿ, ಅಂಚಿನಲ್ಲಿ ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಹೊರಗೆ ಅಂಟಿಸುತ್ತಿದ್ದರು. ಒಂದೊಂದು ಕಚ್ಚೂ ಒಂದೊಂದು ಹೊತ್ತಿನ ಅಳತೆ.

1943ರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕ ಪತ್ತೆಯಾದ ಮೇಲೆ ಕ್ಷಯದ ಚಿಕಿತ್ಸೆ ಬುಡಸಮೇತ ಬದಲಾಯಿತು. ಆದರೆ 1948ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವು, ಆ ಮದ್ದನ್ನು ಒಂಟಿಯಾಗಿ ಕೊಟ್ಟರೆ ಕೆಲವೇ ತಿಂಗಳಲ್ಲಿ ರೋಗಾಣು ಅದಕ್ಕೆ ಬಗ್ಗದಂತಾಗುವುದನ್ನು ತೋರಿಸಿತು. ಈ ಬಗ್ಗದಿರುವಿಕೆಯೇ ಪ್ರತಿರೋಧ. ಅದನ್ನು ತಡೆಯಲು ಎರಡು ಮೂರು ಮದ್ದುಗಳನ್ನು ಕೂಡಿಸಿ, ವರ್ಷಗಟ್ಟಲೆ, ತಪ್ಪದೆ ಕೊಡುವ ಪದ್ಧತಿ ಬೆಳೆಯಿತು. 1956ರಲ್ಲಿ ಮದರಾಸಿನಲ್ಲಿ ಆರಂಭವಾಗಿ 1959ರಲ್ಲಿ ಪ್ರಕಟವಾದ ಅಧ್ಯಯನವು ಮನೆಯಲ್ಲಿದ್ದುಕೊಂಡು ಮದ್ದು ನುಂಗಿದವರೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೇತರಿಸಿಕೊಂಡರೆಂದು ಸಾಬೀತುಪಡಿಸಿದಾಗ ಕ್ಷಯರೋಗಿಯೂ ಹೊರರೋಗಿಯಾದನು. ಆದರೂ ಅವನು ನುಂಗುವ ಮಾತ್ರೆಗೆ ಲೆಕ್ಕವೂ ಕಾರ್ಡೂ ಇದ್ದವು.

ಸಾಮಾನ್ಯ ಜ್ವರ, ಕೆಮ್ಮಿನ ಹೊರರೋಗಿಗೆ ಈ ಶಿಸ್ತು ದಕ್ಕಲಿಲ್ಲವೆಂಬುದೇ ಈ ಇತಿಹಾಸದ ದೊಡ್ಡ ನೋವು. 1954ರಲ್ಲಿ ಸ್ಥಾಪನೆಯಾದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಪೆನಿಸಿಲಿನ್ನನ್ನು ದೇಶದಲ್ಲೇ ತಯಾರಿಸತೊಡಗಿ, ಮುಂದೆ ನುಂಗುವ ಮಾತ್ರೆಗಳೂ ಅಗ್ಗವಾಗಿ ಅಂಗಡಿ ಅಂಗಡಿಗೂ ಬಂದಾಗ, ವೈರಸ್ಸಿನಿಂದ ಬರುವ ನೆಗಡಿಗೂ ಪ್ರತಿಜೀವಕ ಬರೆಯುವ ರೂಢಿ ದೇಶದುದ್ದಕ್ಕೂ ಬೇರೂರಿತು. ವೈರಸ್ಸಿನ ಮೇಲೆ ಅದು ಏನೂ ಮಾಡಲಾರದು. ದೇಹದೊಳಗಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಪ್ರತಿರೋಧವನ್ನು ಕಲಿಸುತ್ತದೆ.

ರೂಢಿಯನ್ನು ಅಳೆಯುವ ಕೆಲಸ ತಡವಾಗಿ ಬಂತು. ನೂರು ಹೊರರೋಗಿಗಳಲ್ಲಿ ಎಷ್ಟು ಮಂದಿಯ ಚೀಟಿಯಲ್ಲಿ ಪ್ರತಿಜೀವಕವಿದೆಯೆಂದು ಎಣಿಸುವ ಸೂಚಕವನ್ನು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ರೂಪಿಸಿತು. 1973ರಲ್ಲಿ ಆರಂಭವಾದ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನಂಥ ಸಂಸ್ಥೆಗಳು ಚೀಟಿಯ ಪರಿಶೀಲನೆಯನ್ನು ಆಸ್ಪತ್ರೆಯೊಳಗಿನ ಕಲಿಕೆಯಾಗಿಸಿದವು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ, ಔಷಧ ಮಾರಾಟದ ನಿಯಮಗಳ ಎಚ್1 ಅನುಸೂಚಿಯು ಪ್ರಬಲ ಪ್ರತಿಜೀವಕಗಳನ್ನೂ ಕ್ಷಯದ ಹಲವು ಔಷಧಗಳನ್ನೂ ಒಂದೇ ಪಟ್ಟಿಗೆ ತಂದು, ಬರೆದ ವೈದ್ಯರ, ಒಯ್ದ ರೋಗಿಯ ಹೆಸರನ್ನು ಔಷಧಿ ಅಂಗಡಿಯ ಪುಸ್ತಕದಲ್ಲಿ ಬರೆದು 3 ವರ್ಷ ಕಾಯ್ದಿಡಬೇಕೆಂದು ವಿಧಿಸಿತು. ಹೊರರೋಗಿಯ ಚೀಟಿಯಲ್ಲಿ ಪದೇ ಪದೇ ಕಾಣುವ ಅಮಾಕ್ಸಿಸಿಲಿನ್ ಎಂಬ ಪ್ರತಿಜೀವಕ ಮಾತ್ರ ಆ ಪಟ್ಟಿಯ ಹೊರಗೇ ಉಳಿಯಿತು.